ಅವ್ವ ತಿರುಗಿಸಿದ ನೀರು

ನಮ್ಮವ್ವ ಮಾಯಮ್ಮ ಒಮಾನ್ ದೇಶಕ್ಕೆ ಬಂದದ್ದು ಮಗಳನ್ನು ನೋಡುವುದಕ್ಕಲ್ಲ, ಎಳೆದುಕೊಂಡು ಹೋಗುವುದಕ್ಕೆ. ಅದನ್ನು ಅವಳು ಮುಚ್ಚಿಡಲೂ ಇಲ್ಲ. ಮಳವಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಎದುರಾದವರಿಗೆಲ್ಲ "ಓಗಿ ಕರ್ಕೊಂಡು ಬತ್ತೀನಿ, ಆ ಮಳ್ಳುಗಾಡಲ್ಲಿ ಏನೈತೆ ಮಣ್ಣಂಗಟ್ಟಿ" ಎಂದು ಸಾರಿಯೇ ಹೊರಟಿದ್ದಳು. ನನ್ನ ತಮ್ಮ ಅಪ್ಪು ಫೋನಿನಲ್ಲಿ ನಗುತ್ತ ವರದಿ ಕೊಟ್ಟ: "ನಿನ್ ಕತೆ ಮುಗೀತು ಕಣಕ್ಕ."

ನಗುವವರಿಗೇನು! ಇಲ್ಲಿನ ಒಳನಾಡಿನ ಸಣ್ಣ ಊರೊಂದರ ಭಾರತೀಯ ಶಾಲೆಯಲ್ಲಿ ನಾನು ಗಣಿತದ ಮೇಡಂ, ಅರ್ಪಿತ. ಬೇಸಿಗೆ ರಜೆ ಮುಗಿದ ಮೇಲೆ ವಾಪಸ್ ಬರುತ್ತೀರೋ ಇಲ್ಲವೋ, ಭಾನುವಾರ ಹೇಳಿ ಎಂದು ಪ್ರಿನ್ಸಿಪಾಲರು ಕೇಳಿದ್ದರು. ಬರಬೇಕೆಂದು ನನ್ನ ಜೀವ ಹೊಡೆದುಕೊಳ್ಳುತ್ತಿತ್ತು. ಆದರೆ ಅವ್ವನ ಮಾತು ಮೀರುವ ಧೈರ್ಯ ನಮ್ಮ ವಂಶದಲ್ಲಿ ಯಾರಿಗೂ ಇಲ್ಲ, ನನಗೂ ಇಲ್ಲ.

ನನಗಿಲ್ಲಿ ಅಂಥ ಸುಖವೇನು ಎಂದು ಕೇಳಬಹುದು. ಬೆಳಕು ಹರಿಯುವ ಮೊದಲೇ ಶಾಲೆಯ ವ್ಯಾನು ಹಾರ್ನ್ ಹೊಡೆಯುತ್ತದೆ. ಮೇ ತಿಂಗಳಲ್ಲಿ ಪ್ರಾರ್ಥನೆಯೂ ಕಟ್ಟಡದ ಒಳಗೇ, ಹೊರಗೆ ನಿಲ್ಲಿಸಿದರೆ ಮಕ್ಕಳು ಹುರಿಗಾಳಾಗುತ್ತಾರೆ. ನನ್ನ ಏಳನೇ ತರಗತಿಯಲ್ಲಿ ಮಲಯಾಳಿ, ತಮಿಳು, ಬಂಗಾಳಿ ಎಲ್ಲ ಇದ್ದಾರೆ. ಸಿಟ್ಟು ಬಂದು "ಲೇ, ಕೂತ್ಕಳ್ರೋ" ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ. ಭಿನ್ನರಾಶಿ ಕೊನೆಗೂ ತಲೆಗೆ ಹತ್ತಿದ ದಿನ ಒಬ್ಬಳು ಬೆಂಚಿನ ಮೇಲೆ ಕುಣಿದೇಬಿಟ್ಟಳು, ನಾನು ಬೈಯಲಿಲ್ಲ. ಮಧ್ಯಾಹ್ನ ನನ್ನದೇ ಬೀಗದ ಕೈಯಿಂದ ನನ್ನದೇ ಬಾಗಿಲು ತೆಗೆಯುತ್ತೇನಲ್ಲ, ಆ ಖುಷಿ ಅವ್ವನಿಗೆ ಹೇಗೆ ಹೇಳುವುದು?

ಅವ್ವ ಬಂದ ದಿನವೇ ನಲ್ಲಿ ತಿರುಗಿಸಿ ಕೈ ಸುಟ್ಟುಕೊಂಡಳು. "ಅಯ್ಯಯ್ಯಪ್ಪಾ! ಗೀಜರ್ ಆರ್ಸಮ್ಮಿ!" ಎಂದು ಕೂಗಿದಳು. ಗೀಜರ್ ಆರಿಯೇ ಇತ್ತು. ಈ ಬಿಸಿಲಿಗೆ ತಾರಸಿಯ ಟ್ಯಾಂಕಿನ ನೀರು ಕುದಿಯುತ್ತದೆ, ಅದಕ್ಕೇ ಗೀಜರ್ ಆರಿಸಿ ಅದರೊಳಗೇ ಉಳಿದು ತಣಿದ ನೀರಿನಲ್ಲಿ ಸ್ನಾನ ಮಾಡುತ್ತೇವೆ ಎಂದು ವಿವರಿಸಿದೆ. ಅವ್ವ ನನ್ನ ಮುಖವನ್ನೇ ನೋಡಿದಳು.

"ತಣ್ಣೀರಿಗೆ ಗೀಜರ್ ಮಡಿಕ್ಕಂಡವ್ಳೆ! ಈ ಊರು ನಿಂಗೆ ಬ್ಯಾಡ, ನಡಿ."

ಆಮೇಲೆ ಅವಳು ಕಿಟಕಿ ಬಿಟ್ಟು ಏಳಲೇ ಇಲ್ಲ. ಕಲ್ಲು ಬೆಟ್ಟ, ಬಿಳಿ ಗೋಡೆ, ಬಿಸಿಲು. ಮುದ್ದೆ ತೊಳಸಿ, ಸೊಪ್ಪಿನ ಸಾರು ಮಾಡಿ, ಅಂಗಡಿಯ ಮಜ್ಜಿಗೆ ತಂದಿಟ್ಟೆ. ಮಜ್ಜಿಗೆ ಪರವಾಗಿಲ್ಲ ಎಂದಳು, ಅಷ್ಟೇ. "ಒಂದ್ ಉಲ್ಲುಕಡ್ಡಿ ಇಲ್ವಲ್ಲಮ್ಮಿ. ಇಲ್ಲಿ ಜನ ಯಂಗ್ ಬದುಕ್ತಾರೆ?"

ಶುಕ್ರವಾರ ಇಲ್ಲಿ ರಜೆ. ಬಿಸಿಲೇರುವ ಮೊದಲೇ ಅವ್ವನನ್ನು ಹಳೇ ಊರಿನ ಹಿಂದಿನ ಖರ್ಜೂರದ ತೋಟಗಳಿಗೆ ಕರೆದುಕೊಂಡು ಹೋದೆ. ಬೆಟ್ಟದ ಬುಡದಲ್ಲಿ ಹುಟ್ಟುವ ನೀರು ಅಲ್ಲಿ ಕಾಲುವೆಯಲ್ಲಿ ಹರಿದು ಬರುತ್ತದೆ. ಆ ಕಾಲುವೆಗೆ ಫಲಜ್ ಎನ್ನುತ್ತಾರೆ. ಒಂದೊಂದು ತೋಟಕ್ಕೂ ಒಂದೊಂದು ಸರದಿ. ಹರಿಯುವ ನೀರು ಕಂಡದ್ದೇ ಅವ್ವನ ನಡಿಗೆಯೇ ಬದಲಾಯಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ ಕಾಲು ಇಳಿಬಿಟ್ಟು ಕೂತಳು. ಎಷ್ಟೋ ದಿನದ ಮೇಲೆ ಅವಳು ನಕ್ಕದ್ದು ನೋಡಿ ನನಗೆ ಜೀವ ಬಂದ ಹಾಗಾಯಿತು.

ಫೋಟೋ ತೆಗೆಯೋಣವೆಂದು ಬ್ಯಾಗಿನಲ್ಲಿ ಫೋನ್ ಹುಡುಕಿ ತಲೆ ಎತ್ತುತ್ತೇನೆ, ಅವ್ವ ಕೂತಲ್ಲಿಲ್ಲ. ಪಕ್ಕದಲ್ಲಿ ದನದ ಮೇವಿನ ಒಂದು ಮಡಿ ಬಾಡಿ ಮಲಗಿತ್ತು. ಅದರ ಬಾಯಿಗೆ ಅಡ್ಡವಿದ್ದ ಕಲ್ಲು, ಬಟ್ಟೆಯ ಗಂಟು ಕಿತ್ತು, ಅದನ್ನೇ ಕಾಲುವೆಗೆ ಅಡ್ಡ ಇಟ್ಟು, ಅವ್ವ ನೀರು ತಿರುಗಿಸಿಯೇಬಿಟ್ಟಿದ್ದಳು! ನಾವು ಊರಲ್ಲಿ ಕಾವೇರಿಯ ವಿ.ಸಿ. ನಾಲೆಯ ಕೊನೆಯವರು. ಮೇಲಿನವರೆಲ್ಲ ಗದ್ದೆಗೆ ಹಾಯಿಸಿಕೊಂಡು ಮಿಕ್ಕಿದ್ದು ನಮಗೆ. ಹರಿಯುವ ನೀರಿನ ಪಕ್ಕ ಒಣಗಿದ ನೆಲ ಕಂಡರೆ ನಮ್ಮವರ ಕೈ ಸುಮ್ಮನಿರುವುದಿಲ್ಲ, ಅದು ಯಾರ ನೆಲವಾದರೇನು.

ಮರಗಳ ಸಂದಿಯಿಂದ ಬಿಳಿ ಗಡ್ಡದ ಮುದುಕರೊಬ್ಬರು ಕೋಲೆತ್ತಿಕೊಂಡು ಕೂಗುತ್ತ ಬಂದರು. ನಮ್ಮ ಬೀದಿಯ ಹಮೂದ್ ಅಜ್ಜ. ನಡೆಯುತ್ತಿದ್ದದ್ದು ಅವರ ಸರದಿ. ಅರಬ್ಬಿಯಲ್ಲಿ ಬೈಯುತ್ತ, ತಮ್ಮ ಹೊತ್ತು ಇನ್ನೂ ಮುಗಿದಿಲ್ಲವೆಂದು ಸೂರ್ಯನನ್ನು ತೋರಿಸಿದರು, ತಮ್ಮ ಮರಗಳನ್ನು ತೋರಿಸಿದರು. ಅವ್ವ ಹಿಂದೆ ಸರಿಯುವವಳೇ?

"ಅದ್ಯಾಕಂಗೆ ಬಡ್ಕತೀರಿ ಯಜಮಾನ್ರೇ! ಪಕ್ಕದಲ್ಲೇ ಒಣಗಿ ಸಾಯ್ತಾ ಐತೆ, ಕಣ್ಣು ಕಾಣಾಕಿಲ್ವಾ?"

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಭಾನುವಾರದವರೆಗೂ ಕಾಯುವುದೇ ಬೇಡ, ಇವತ್ತೇ ಗಂಟುಮೂಟೆ ಕಟ್ಟಬೇಕು ಎಂದುಕೊಂಡೆ. ನನ್ನ ಹರಕು ಅರಬ್ಬಿಯಲ್ಲಿ ಕ್ಷಮೆ ಕೇಳಿ, ಇವರು ನನ್ನ ತಾಯಿ, ಊರಲ್ಲಿ ಗದ್ದೆ ಮಾಡುತ್ತಾರೆ ಎಂದೆ.

ಹಮೂದ್ ಅಜ್ಜ ಕೋಲು ಇಳಿಸಿದರು. "ಅಲ್ಲೂ ನೀರಿಗೆ ಸರದಿ ಇದೆಯೋ?" ಎಂದು ಕೇಳಿದರು. ಅವ್ವನಿಗೆ ಕನ್ನಡದಲ್ಲಿ ಹೇಳಿದೆ.

"ಸರದೀನೂ ಐತೆ, ಜಗಳಾನೂ ಐತೆ ಅನ್ನು" ಎಂದಳು ಅವ್ವ. ಹಾಗೆಯೇ ಹೇಳಿದೆ. ಅಜ್ಜ ಗಡ್ಡ ಅಲುಗಾಡುವಂತೆ ನಕ್ಕರು. ಬಾಡಿದ ಮಡಿ ಅವರ ಅಣ್ಣನದಂತೆ, ಅವನ ಸರದಿ ಮಧ್ಯಾಹ್ನವಂತೆ. ಅವನು ಬೇಕೆಂದರೂ ತಾವು ಒಂದು ಹನಿ ಮೊದಲು ಕೊಡುವುದಿಲ್ಲವಂತೆ.

ಅದನ್ನು ಕನ್ನಡದಲ್ಲಿ ಹೇಳಿದೆನೋ ಇಲ್ಲವೋ, ಅವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಣ್ತಮ್ಮಂದಿರಾ! ಎಲ್ಲಾ ಕಡೀಕೂ ಒಂದೇ ಬುಡು!" ಆಮೇಲೆ ತಾನೇ ಕಾಲುವೆಗಿಳಿದು ಕಲ್ಲು, ಗಂಟು ಎತ್ತಿ ಮೊದಲಿದ್ದಲ್ಲೇ ಇಟ್ಟು, ಸಂದಿಗೆ ಕೆಸರು ಮೆತ್ತಿ, ನೀರನ್ನು ಅಜ್ಜನ ಮರಗಳಿಗೆ ಬಿಟ್ಟಳು. ಅಜ್ಜ ಬಗ್ಗಿ ನೋಡಿ ತಲೆದೂಗಿದರು. ಮನೆಗೆ ಕರೆದೊಯ್ದು ಖರ್ಜೂರ, ಏಲಕ್ಕಿ ಹಾಕಿದ ಕಾಫಿ ಕೊಟ್ಟರು. ಹಾಲಿಲ್ಲದ ಕಾಫಿಗೆ ಅವ್ವ ಮುಖ ಕಿವುಚಿದರೂ ಬಿಡದೆ ಕುಡಿದಳು.

ಮನೆಗೆ ಬಂದು ಅವ್ವ ಕಾಲಿನ ಕೆಸರು ತೊಳೆದುಕೊಂಡಳು. ಭಾನುವಾರ ಏನು ಹೇಳಲಿ ಎಂದು ಕೇಳಬೇಕೆಂದುಕೊಂಡೇ ನಾನು ಒಲೆ ಹಚ್ಚಿದೆ. ಅಷ್ಟರಲ್ಲಿ ಅಪ್ಪುವಿನ ಫೋನು. ಸ್ಪೀಕರಿಗೆ ಹಾಕಿ ಅವ್ವನ ಕೈಗೆ ಕೊಟ್ಟೆ.

"ಅಕ್ಕನ್ನ ಯಾವತ್ತು ಕರ್ಕೊಂಡು ಬತ್ತೀಯವ್ವ?"

"ಅವಳು ಬರಾಕಿಲ್ಲ ಕಣ್ಲಾ. ರಜಕ್ಕೆ ಬತ್ತಾಳೆ, ವಾಪಸ್ ಓಯ್ತಾಳೆ. ನೀರಿಗೆ ಜಗಳ ಆಡೋ ಜನ ಅವ್ರೆ ಇಲ್ಲಿ. ನಮ್ಮಂಗೇಯ."

ನನಗೆ ಅಳು ಬಂತು, ನಗುವೂ ಬಂತು, ಎರಡೂ ಒಟ್ಟಿಗೇ. ಅವ್ವ ಅದನ್ನು ನೋಡಿಯೂ ನೋಡದವಳಂತೆ ಫೋನಿಗೆ ಗದರಿದಳು: "ಇವತ್ತು ನಮ್ ಸರದಿ ಅಲ್ವೇನ್ಲಾ? ಫೋನ್ ಮಡಗಿ ಗದ್ದೆ ತಾವ್ಕೆ ಓಗು. ಯಾವಳಾದ್ರೂ ನೀರು ತಿರುಗಿಸ್ಕಂಡಾಳು!"