ಕತ್ತಿನ ಮೇಲಿಟ್ಟ ಕಾಲು

ನಾನು ಕಾಲು ಮುಂದಾಗಿ ಹುಟ್ಟಿದವಳು. ಹುಟ್ಟುವಾಗಲೇ ಸತಾಯಿಸಿದವಳು ಎಂದು ನನ್ನ ತಾಯಿ ಕೊನೆಯವರೆಗೂ ಬೈಯುತ್ತಿದ್ದಳು. ನಮ್ಮ ಕಡೆ ಹೀಗೆ ಹುಟ್ಟಿದವರ ಕಾಲಿಗೆ ಒಂದು ಕೆಲಸ ಕಾದಿರುತ್ತದೆ. ಸೊಂಟ ಹಿಡಿದುಕೊಂಡವರು, ಬೆನ್ನು ಉಳುಕಿದವರು ಬೆಳಿಗ್ಗೆ ಮನೆ ಮುಂದೆ ಬಂದು ಬೆನ್ನು ತಿರುಗಿಸಿ ನಿಲ್ಲುತ್ತಾರೆ. ನಾವು ನೋವಿನ ಜಾಗಕ್ಕೆ ಕಾಲು ತಾಗಿಸಿ ಮೆಲ್ಲಗೆ ಒತ್ತಬೇಕು, ಅಷ್ಟೇ. ಚಿಕ್ಕಂದಿನಲ್ಲಿ ನನಗಿದು ಬಹಳ ಇಷ್ಟದ ಕೆಲಸ. ಗದರಿಸುವ ದೊಡ್ಡವರನ್ನೆಲ್ಲ ಒದೆಯುವ ಭಾಗ್ಯ ಎಷ್ಟು ಜನರಿಗೆ ಸಿಗುತ್ತದೆ? ಬೆಳೆದ ಮೇಲೆ ಬೇಸರ ಹತ್ತಿತು. ಹಲ್ಲುಜ್ಜುವ ಮೊದಲೇ ಬಂದು ನಿಂತವರನ್ನು ಕಂಡರೆ ನಿಜವಾಗಿಯೂ ಒದ್ದುಬಿಡೋಣ ಅನ್ನಿಸುತ್ತಿತ್ತು.

ಮದುವೆಯಾಗಿ ಶ್ರೀನಿವಾಸಪುರದ ಹತ್ತಿರದ ಈ ಹಳ್ಳಿಗೆ ಬರುವಷ್ಟರಲ್ಲಿ ನನ್ನ ಕಾಲಿನ ಸುದ್ದಿ ನನಗಿಂತ ಮೊದಲೇ ಬಂದಿತ್ತು. ಅತ್ತೆ ಮೊದಲ ವಾರದಲ್ಲೇ ಕಟ್ಟಪ್ಪಣೆ ಮಾಡಿದರು.

"ಊರವರಿಗೆ ಏನಾದ್ರೂ ಮಾಡ್ಕೋಮ್ಮ. ನನ್ನ ಮಗನ ಮೇಲೆ ಮಾತ್ರ ಕಾಲು ಇಡಬೇಡ. ಗಂಡನ್ನ ಒದ್ದಳು ಅನ್ನೋ ಮಾತು ಈ ಮನೇಲಿ ಬೇಡ."

ನನಗೂ ಅದೇ ಬೇಕಾಗಿತ್ತು. ಗಂಡನಿಗೆ ಬೆನ್ನು ಉಳುಕಿದಾಗಲೆಲ್ಲ ಬಿಸಿನೀರು, ಮುಲಾಮು ಇಷ್ಟರಲ್ಲೇ ಮುಗಿಸುತ್ತಿದ್ದೆ.

ಅವರು ಮಾವಿನ ತೋಟಗಳ ಫಸಲನ್ನು ಮರದಲ್ಲಿರುವಾಗಲೇ ಗುತ್ತಿಗೆ ಹಿಡಿದು, ಕೀಳಿಸಿ, ಹರಾಜು ನಡೆಯುವ ಮಾವಿನ ಮಂಡಿಗೆ ಹಾಕುವವರು. ಆಳುಗಳಿದ್ದರೂ ಸುಮ್ಮನೆ ಕೂರುವ ಜಾಯಮಾನ ಅವರದಲ್ಲ. ತುದಿಗೆ ಬಲೆ ಕಟ್ಟಿದ ಉದ್ದನೆಯ ದೋಟಿ ಹಿಡಿದು, ಬೆಳಗಿನಿಂದ ಸಂಜೆಯವರೆಗೆ ತಲೆ ಹಿಂದಕ್ಕೆ ಬಾಗಿಸಿ ಕಾಯಿ ಇಳಿಸುತ್ತಿದ್ದರು. ಆ ವರ್ಷದ ಕೊಯ್ಲಿನ ನಡುವೆ ಒಂದು ಸಂಜೆ ಕತ್ತಿನ ಎಡಭಾಗ ಹಿಡಿದುಕೊಂಡೇ ಮನೆಗೆ ಬಂದರು. ನೋವು ಕತ್ತಿನಿಂದ ಏರಿ ಕಣ್ಣಿನ ಹಿಂದಕ್ಕೆ ಹೋಗಿ ಕೂತಿದೆ ಎಂದರು. ಕತ್ತು ಉಳುಕಿದೆ ಎಂದುಕೊಂಡೆವು.

ಮಾರನೆಯ ದಿನ ಅವರ ಎಡಗಣ್ಣಿನ ರೆಪ್ಪೆ ಸ್ವಲ್ಪ ಇಳಿಬಿದ್ದಿತ್ತು. ಮಂಡಿಯಲ್ಲಿ ಎಲ್ಲರಿಗೂ ಅದೇ ತಮಾಷೆಯಾಯಿತಂತೆ. ಯಾರಿಗೋ ಕಣ್ಣು ಹೊಡೆಯುತ್ತಿದ್ದಾನೆ ಎಂದು ರೇಗಿಸಿದರಂತೆ. ನಾನು ಬಿಟ್ಟೆನೇ? "ಈ ವಯಸ್ಸಲ್ಲಿ ಯಾರ್ರೀ ಅವಳು, ನಮಗೂ ತೋರಿಸಿ" ಎಂದೆ. ಅವರೂ ನಕ್ಕರು. ನಕ್ಕಾಗ ಬಲಗಣ್ಣು ಅರಳಿತು, ಎಡಗಣ್ಣು ಹಾಗೇ ಇತ್ತು. ಅದನ್ನು ನೋಡಿಯೂ ನಾನು ಪಾತ್ರೆ ತೊಳೆಯಲು ಎದ್ದುಹೋದೆ.

ಆಮೇಲಿನ ದಿನಗಳಲ್ಲಿ ನೋವು ಇಳಿಯಲಿಲ್ಲ. ದಿಂಬು ತಾಗಿದರೆ ನರಳುತ್ತಿದ್ದರು. ಒಂದು ಬೆಳಿಗ್ಗೆ ಅತ್ತೆಯೇ ನನ್ನ ಕೈ ಹಿಡಿದು ಕೋಣೆಗೆ ಕರೆದುಕೊಂಡು ಹೋದರು.

"ಒಂದ್ಸಲ ಕಾಲು ಇಡಮ್ಮ. ನಂಗೆ ನೋಡೋಕಾಗ್ತಿಲ್ಲ. ಯಾರ ಹತ್ರಾನೂ ಬಾಯಿ ಬಿಡಬೇಡ" ಎಂದು ಹೇಳಿ, ಹೊರಗೆ ಹೋಗಿ ಬಾಗಿಲೆಳೆದುಕೊಂಡರು.

ಗಂಡ ಚಾಪೆಯ ಮೇಲೆ ಬಲಮಗ್ಗುಲಾಗಿ ಮಲಗಿದ್ದರು. ಗೋಡೆ ಹಿಡಿದುಕೊಂಡು ಕತ್ತಿಗೆ ಅಂಗಾಲು ತಾಗಿಸಿದೆ. "ಇನ್ನೊಂದು ಚೂರು ಒತ್ತು ಕಣೇ" ಎಂದರು. ಒತ್ತಿದೆ. ಕಾಲಿನ ಕೆಳಗೆ ನಾಡಿ ಬಡಿಯುವುದು ಗೊತ್ತಾಯಿತು. ಬೇರೆ ಯಾರ ಮೈ ಮೇಲೆ ಕಾಲಿಟ್ಟಾಗಲೂ ನನಗೆ ಹಾಗಾಗಿರಲಿಲ್ಲ. ಹೆದರಿ ಕಾಲು ತೆಗೆದೆ. ಅವರು ಏನೂ ಹೇಳಲಿಲ್ಲ, ಕಣ್ಣು ಮುಚ್ಚಿಕೊಂಡು ಮಲಗಿಯೇ ಇದ್ದರು.

ಅವತ್ತೇ ಮಧ್ಯಾಹ್ನ ಊಟಕ್ಕೆ ಕೂತಾಗ ಅವರ ಬಲಗೈಯಿಂದ ಮುದ್ದೆಯ ತುತ್ತು ಜಾರಿ ಸಾರಿಗೆ ಬಿತ್ತು. ತೆಗೆಯಲು ಹೋದ ಕೈ ತಟ್ಟೆಯ ಅಂಚಿನಲ್ಲೇ ಉಳಿಯಿತು. ಏನಾಯಿತು ಎಂದು ಕೇಳಿದೆ. ಉತ್ತರ ಹೇಳಲು ಬಾಯಿ ತೆರೆದರು, ಬಂದದ್ದು ಮಾತಲ್ಲ. ತುಟಿ ಬಲಕ್ಕೆ ಜೋತುಬಿದ್ದಿತ್ತು.

"ಅಯ್ಯೋ ದೇವುಡಾ, ಲಕ್ವ ಹೊಡೀತು" ಎಂದು ಅತ್ತೆ ಎದೆ ಬಡಿದುಕೊಂಡರು. ಆಂಧ್ರದ ಗಡಿಯಾಚೆ ಲಕ್ವಕ್ಕೆ ನಾಟಿ ಔಷಧಿ ಕೊಡುವವರಿದ್ದಾರೆ, ಅಲ್ಲಿಗೇ ಹೋಗೋಣ ಎಂದರು. ನಾನು ಮಂಡಿಯ ಸಾಹೇಬರಿಗೆ ಫೋನ್ ಮಾಡಿದ್ದೆ. ನಮ್ಮ ಕಾಯಿಯನ್ನೆಲ್ಲ ಕೊಳ್ಳುವವರು ಅವರೇ. ಹರಾಜು ಬಿಟ್ಟು ಕಾರು ತಂದರು. ಅತ್ತೆಯ ಮಾತು ಕೇಳಿ ಅವರಿಗೆ ಸಿಟ್ಟು ಬಂತು.

"ಅಮ್ಮಾ, ನಮ್ಮ ಅಬ್ಬಾನ ಹಿಂಗೇ ಪುಡಿ ಕೊಡ್ಸಕ್ಕೆ ಕರ್ಕೊಂಡು ಹೋದ್ವಿ. ಹೊತ್ತು ಹೋಯ್ತು, ಅಬ್ಬಾ ಮತ್ತೆ ಎದ್ದು ಕೂರ್ಲೇ ಇಲ್ಲ. ಮೊದಲು ಕೋಲಾರ. ಅಕ್ಕಾ, ಹತ್ತಿ, ಜಲ್ದಿ."

ಹಿಂದಿನ ಸೀಟಿನಲ್ಲಿ ಗಂಡನ ತಲೆ ನನ್ನ ತೊಡೆಯ ಮೇಲಿತ್ತು. ಕಾರು ಕುಲುಕಿದಾಗಲೆಲ್ಲ ತಲೆ ಹೊರಳುತ್ತಿತ್ತು. ಆ ಕತ್ತನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದೆ. ಹಿಡಿದುಕೊಳ್ಳಬಹುದೋ ಬಾರದೋ ಎಂಬುದೂ ತಿಳಿಯದೆ ಹಿಡಿದುಕೊಂಡಿದ್ದೆ.

ಆಸ್ಪತ್ರೆಯಲ್ಲಿ ತಲೆಯ ಸ್ಕ್ಯಾನ್ ಆಯಿತು. ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಒಂದಾದ ಮೇಲೊಂದು ಪ್ರಶ್ನೆ ಕೇಳಿದರು. ಮಾತು ನಿಂತದ್ದು ಯಾವಾಗ? ಬಿಪಿ ಇದೆಯಾ? ಶುಗರ್ ಇದೆಯಾ? ಬೀಡಿ ಸಿಗರೇಟು? ಯಾವುದೂ ಇಲ್ಲ ಎಂದಾಗ ಅವರ ಹುಬ್ಬು ಗಂಟಾಯಿತು. ಇಳಿದ ರೆಪ್ಪೆಯನ್ನು ಬಗ್ಗಿ ನೋಡಿ ಕೇಳಿದರು:

"ಕತ್ತು ನೋವು ಅಂತಿದ್ರಾ? ಏಟು ಬಿದ್ದಿತ್ತಾ? ಯಾರಾದ್ರೂ ಕತ್ತು ತಿರುಗ್ಸಿದ್ದು, ಒತ್ತಿದ್ದು?"

"ಏನೂ ಇಲ್ಲಮ್ಮ" ಎಂದರು ಅತ್ತೆ. "ಬೆಳಿಗ್ಗೆ ತನಕ ಗುಂಡುಕಲ್ಲಿನ ಹಾಗಿದ್ದ. ಯಾರೂ ಮುಟ್ಟಿಲ್ಲ."

ಅಷ್ಟು ಸಲೀಸಾಗಿ ಸುಳ್ಳು ಹೇಳುವುದನ್ನು ಅವರಿಂದ ನಾನು ಮೊದಲ ಸಲ ಕೇಳಿದೆ. ಮಗ ಹೀಗೆ ಬಿದ್ದಿರುವಾಗಲೂ ಮನೆ ಮರ್ಯಾದೆಯೇ?

"ಕತ್ತು ನೋವಿತ್ತು" ಎಂದೆ. "ಕಣ್ಣು ಆವಾಗಿಂದಾನೇ ಹಿಂಗಿದೆ. ಬೆಳಿಗ್ಗೆ ನಾನು ಕಾಲಿಟ್ಟು ಒತ್ತಿದೆ."

ಸಾಹೇಬರು ತಲೆ ತಗ್ಗಿಸಿದರು. ಅತ್ತೆ ನನ್ನನ್ನು ನೋಡಿದ ನೋಟದಲ್ಲಿ ಸಿಟ್ಟಿರಲಿಲ್ಲ, ಭಯವಿತ್ತು. ಆಗ ನನಗದು ಅರ್ಥವಾಗಲಿಲ್ಲ. ಡಾಕ್ಟರು ಮಾತ್ರ ಹೌಹಾರಲಿಲ್ಲ, ಕತ್ತಿನ ರಕ್ತನಾಳದ ಸ್ಕ್ಯಾನ್ ಕೂಡ ಮಾಡಿಸಿದರು. ಬಂದು ಬಿಡಿಸಿ ಹೇಳಿದರು. ಕತ್ತಿನ ರಕ್ತನಾಳದ ಒಳಪದರ ಹರಿದಿದೆ. ಹರಿದ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿದೆ. ಅದರ ಚೂರೊಂದು ಮೇಲಕ್ಕೆ ಹೋಗಿ ಮೆದುಳಿಗೆ ರಕ್ತ ಹೋಗುವ ದಾರಿ ಮುಚ್ಚಿದೆ. ಕರಗಿಸುವ ಔಷಧಿ ಇದೆ, ನೀವು ಹೊತ್ತು ಮೀರುವ ಮೊದಲೇ ಬಂದಿದ್ದೀರಿ.

"ನಾಳ ಹರಿದಿದ್ರೂ ಕೊಡಬಹುದು. ಆದ್ರೆ ಗೊತ್ತಿದ್ದು ಕೊಡೋದು ಬೇರೆ, ಗೊತ್ತಿಲ್ದೆ ಕೊಡೋದು ಬೇರೆ. ಮೆದುಳಲ್ಲಿ ರಕ್ತ ಸೋರೋ ಅಪಾಯ ಇದೆ. ಕೊಡದಿದ್ರೆ ಕೈ, ಮಾತು ವಾಪಸ್ ಬರೋದು ಕಷ್ಟ. ಬೇಗ ಹೇಳಿ."

ಒಪ್ಪಿಗೆಯ ಕಾಗದಕ್ಕೆ ರುಜು ಹಾಕಿದೆ. ಬೆಳಿಗ್ಗೆ ಕಾಲಿಟ್ಟಿದ್ದೆ, ಈಗ ಕೈಯನ್ನೂ ಹಾಕಿದೆ ಎಂದುಕೊಂಡೆ.

ಔಷಧಿ ಏರತೊಡಗಿತು. ನಮ್ಮನ್ನು ಹೊರಗೆ ಕೂರಿಸಿದರು. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡೇ ಮಾತಾಡಿದರು.

"ನಾನು ನನ್ನ ಮರ್ಯಾದೆಗೆ ಸುಳ್ಳು ಹೇಳ್ದೆ ಅಂದ್ಕೊಂಡ್ಯಾ? ಅವನೇನಾದ್ರೂ ಹೋದ್ರೆ, ಹೆಂಡ್ತಿ ಒದ್ದು ಸಾಯ್ಸಿದ್ಲು ಅಂತಾರಮ್ಮ. ನೀನು ಬದುಕಿರೋ ತನಕ ಅಂತಾರೆ. ಆಮೇಲೆ ನಾನೂ ಅಂದುಬಿಡ್ತೀನೇನೋ ಅಂತ ನಂಗೇ ಹೆದ್ರಿಕೆ."

ಅಷ್ಟು ನಿಜವನ್ನು ನನಗೆ ಯಾರೂ ಹೇಳಿರಲಿಲ್ಲ. ಅವರ ಕೈ ಹಿಡಿದುಕೊಂಡೆ. ಅವರು ಬಿಡಿಸಿಕೊಳ್ಳಲಿಲ್ಲ. ಒಳಗಿಂದ ನರ್ಸ್ ಬಲಗೈ ಎತ್ತಿ, ಬಲಗೈ ಎತ್ತಿ ಎಂದು ಆಗಾಗ ಕೂಗುವುದು ಕೇಳಿಸುತ್ತಿತ್ತು. ಪ್ರತಿ ಸಲವೂ ಆಮೇಲೆ ಒಂದು ಮೌನ ಬರುತ್ತಿತ್ತು. ಆ ಮೌನವನ್ನು ನಾನು ನನ್ನ ಶತ್ರುವಿಗೂ ಬಯಸುವುದಿಲ್ಲ.

ಕತ್ತಲಾಗುವ ಮೊದಲು ನಮ್ಮನ್ನು ಒಳಗೆ ಕರೆದರು. ಹಾಸಿಗೆಯಿಂದ ಬಲಗೈ ಮೇಲೆದ್ದಿತ್ತು, ನಡುಗುತ್ತಿತ್ತು, ಆದರೆ ಎದ್ದಿತ್ತು. ನನ್ನನ್ನು ನೋಡಿ "ನೀರು" ಎಂದರು. ಅತ್ತೆ ಗೋಳೋ ಎಂದು ಅತ್ತರು. ನನಗೂ ಅಳು ತಡೆಯಲಿಲ್ಲ.

ಮನೆಗೆ ಕಳಿಸುವ ದಿನ ಡಾಕ್ಟರನ್ನು ಒಂದು ಕಡೆ ಕರೆದು ಕೇಳಿದೆ. "ನಾನು ಕಾಲಿಟ್ಟಿದ್ದಕ್ಕೇ ಹಿಂಗಾಯ್ತಾ?"

"ನೋವು, ರೆಪ್ಪೆ ಇಳಿದಿದ್ದು ಮೊದಲೇ ಇತ್ತಲ್ಲ, ಹಾಗಾಗಿ ನಾಳ ಮೊದಲೇ ಹರಿದಿರ್ಬೇಕು. ದಿನವೆಲ್ಲ ತಲೆ ಎತ್ತಿ ಕೆಲಸ ಮಾಡಿದ್ದಕ್ಕೂ ಇರಬಹುದು."

"ಆ ಚೂರು ಕಿತ್ತುಕೊಂಡು ಹೋಗಿದ್ದು?"

"ಅದನ್ನ ಹೇಳೋಕೆ ಆಗಲ್ಲಮ್ಮ" ಎಂದರು. "ಇನ್ಮೇಲೆ ಆ ಕತ್ತನ್ನ ಯಾರೂ ಮುಟ್ಟಬೇಡಿ."

ಈಗ ಅವರು ದೋಟಿ ಹಿಡಿಯುವುದಿಲ್ಲ. ಮಾತು ಅಲ್ಲಲ್ಲಿ ತಡವರಿಸುತ್ತದೆ, ಮಾತ್ರೆ ನಡೆಯುತ್ತಿದೆ. ಅವರು ಸೀನಿದರೆ ಅತ್ತೆಯೂ ನಾನೂ ಕೈಯಲ್ಲಿದ್ದ ಕೆಲಸ ಬಿಟ್ಟು ತಿರುಗುತ್ತೇವೆ. ನನ್ನಿಂದಲೇ ಆಯಿತೇ ಎಂದು ಕೇಳಿದಾಗಲೆಲ್ಲ "ಮೊದಲೇ ನೋವಿತ್ತು ಕಣೇ, ಬಿಡು" ಎನ್ನುತ್ತಾರೆ. ಅದು ನನಗೂ ಗೊತ್ತು. ನನಗೆ ಬೇಕಾಗಿದ್ದ ಉತ್ತರ ಬೇರೆ ಪ್ರಶ್ನೆಯದು. ಅದನ್ನು ಕೇಳಲು ಧೈರ್ಯ ಬಂದದ್ದು ಮೊನ್ನೆ, ಮೂವರೂ ಊಟಕ್ಕೆ ಕೂತಿದ್ದಾಗ.

"ನಾನು ಒತ್ತಿದ ಮೇಲೆ ನೋವು ಕಡಿಮೆ ಆಯ್ತಾ, ಜಾಸ್ತಿ ಆಯ್ತಾ?"

ಅವರು ತಟ್ಟೆ ನೋಡುತ್ತಾ ಕೂತರು.

"ಕಡಿಮೆ ಆಯ್ತು ಅಂತ ಅವನು ಆವಾಗ್ಲೇ ಹೇಳಿದ್ನಲ್ಲ" ಎಂದರು ಅತ್ತೆ, ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕುತ್ತಾ. "ನಾನೇ ಕೇಳಿಸ್ಕೊಂಡೆ."

ಅವತ್ತು ಆ ಕೋಣೆಯಲ್ಲಿ ನಾನು, ನನ್ನ ಗಂಡ ಇಬ್ಬರೇ ಇದ್ದೆವು; ನಾನು ಕಾಲು ತೆಗೆದ ಮೇಲೆ ಅವರು ಒಂದು ಮಾತೂ ಆಡಿರಲಿಲ್ಲ.