ಕಾಂಪೌಂಡ್ ದಾಟಿದ ಹಾಲಿಹಾಕ್

ನಮ್ಮ ಮನೆಯ ದಾಸವಾಳ ಅರಳಿದ್ದನ್ನು ನಾವು ಕಣ್ಣಾರೆ ನೋಡಿದ್ದು ಕಡಿಮೆ. ಗಿಡ ಗೇಟಿನ ಪಕ್ಕದಲ್ಲೇ ಇದೆ. ನಾವು ಏಳುವಷ್ಟರಲ್ಲಿ ಪ್ಲಾಸ್ಟಿಕ್ ಕವರ್ ಹಿಡಿದ ವಾಕಿಂಗ್ ಮಂದಿ ಕಿತ್ತುಕೊಂಡು ಹೋಗಿರುತ್ತಾರೆ. ಪುಟ್ಟೇನಹಳ್ಳಿಯ ಯಾವ ಬೀದಿಯಲ್ಲಿ ಬೇಕಾದರೂ ಕೇಳಿ, ಇದೇ ಕತೆ. (ಪೂಜೆಗೆ ತಾನೇ? ಯಾರನ್ನು ಬೈಯುವುದು?)

ಅಂಥ ಬೀದಿಯಲ್ಲಿ ನನ್ನ ಹೆಂಡತಿ ಸುಧಾ ಹಾಲಿಹಾಕ್ ಎಂಬ ಹೂಗಿಡದ ಬೀಜ ಹಾಕಿದಳು.

ಮೊದಲ ಕೆಲವು ತಿಂಗಳು ಬರೀ ಎಲೆ. ನೆಲಕ್ಕೆ ಅಂಟಿಕೊಂಡ, ಒರಟಾದ ಅಗಲ ಎಲೆ. "ಇದೇನು, ಕುಂಬಳನಾ?" ಎಂದು ರೇಗಿಸಿದೆ.

"ಸುಮ್ನಿರಿ, ಬರತ್ತೆ" ಎಂದಳು.

ಬಂತು ನೋಡಿ! ಚಳಿ ಶುರುವಾಗಿದ್ದೇ ತಡ, ನಡುವಿನಿಂದ ಒಂದು ಕಾಂಡ ನೆಟ್ಟಗೆ ಎದ್ದಿತು. ಮೈತುಂಬಾ ಮೊಗ್ಗು. ಕೆಳಗಡೆ ಮೊದಲ ಹೂ ಅರಳಿದ ದಿನ ಆಫೀಸಿಗೆ ಹೊರಟವನು ಬೈಕ್ ಆಫ್ ಮಾಡಿ ನಿಂತುಬಿಟ್ಟೆ. ಅಂಗೈ ಅಗಲದ ಗುಲಾಬಿ ಬಣ್ಣದ ಹೂ. ಮಡಿಕೆ ಬಿಚ್ಚಿ ಹರವಿದ ರೇಷ್ಮೆ ಸೀರೆಯ ಹಾಗೆ ದಳಗಳು. ಸಖತ್ತಾಗಿತ್ತು, ಬೇರೆ ಮಾತಿಲ್ಲ.

ಹಾಲಿಹಾಕ್ ಎಲ್ಲ ಒಟ್ಟಿಗೆ ಅರಳಿ ಒಟ್ಟಿಗೆ ಮುಗಿಯುವುದಿಲ್ಲ. ಕೆಳಗಿನಿಂದ ಒಂದೊಂದಾಗಿ ಮೇಲಕ್ಕೆ ಹತ್ತುತ್ತದೆ. ಗಡಿಬಿಡಿಯೇ ಇಲ್ಲ. (ದಿನವಿಡೀ ಸಿಗ್ನಲ್‌ಗಳಲ್ಲಿ ಹಾರ್ನ್ ಕೇಳುವ ನನಗೆ ಅದೇ ದೊಡ್ಡ ಸಮಾಧಾನ.)

ಚಿಂತೆಯೂ ಅದೇ. ಕೆಳಗಿನ ಹೂಗಳೇನೋ ಕಾಂಪೌಂಡ್ ಒಳಗೆ ಸೇಫ್. ಆದರೆ ಹತ್ತುತ್ತಾ ಹತ್ತುತ್ತಾ ಗೋಡೆ ದಾಟಿದರೆ? ತುದಿಯ ಮೊಗ್ಗು ಅರಳುವವರೆಗೂ ನೋಡಬೇಕೆಂಬುದು ಸುಧಾಳ ಆಸೆ. ಅದು ಯಾರದೋ ಕವರ್ ಸೇರುವುದು ಗ್ಯಾರಂಟಿ ಅನ್ನಿಸಿತು.

"ಬೋರ್ಡ್ ಹಾಕೋಣ್ವಾ?" ಎಂದೆ.

"ಹೂ ಕೀಳೋರು ಬೋರ್ಡ್ ಓದ್ತಾರಾ?" ಎಂದಳು.

ಕಳೆದ ಭಾನುವಾರ ಬೆಳಿಗ್ಗೆ ಹೂ ಗೋಡೆ ದಾಟಿತ್ತು. ಗೇಟಿನ ಹೊರಗೆ ಹಿಂದಿನ ರಸ್ತೆಯ ಗಿರಿಜಮ್ಮ ಕತ್ತೆತ್ತಿ ನಿಂತಿದ್ದರು. ಅವರು ಬಂದು ಹೋದ ಮೇಲೆ ಬೀದಿಯ ಗಿಡಗಳಲ್ಲಿ ಬರೀ ಎಲೆ ಉಳಿಯುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಕಾಫಿ ಲೋಟ ಅಲ್ಲೇ ಬಿಟ್ಟು ಓಡಿದೆ.

"ಆಂಟಿ, ಅದೊಂದು ಬಿಟ್ಬಿಡಿ!"

"ಅಯ್ಯೋ, ಮುಟ್ಟಿಲ್ಲಪ್ಪ! ದಿನಾ ಗೇಟ್ ಸಂದೀಲಿ ನೋಡ್ತಿದೀನಿ, ಕೆಳಗಿಂದ ಹತ್ಕೊಂಡು ಬರ್ತಿದೆ. ತುದೀದೂ ಅರಳ್ಲಿ. ಬೀಜ ಆದ್ಮೇಲೆ ನಂಗೂ ಸ್ವಲ್ಪ ಕೊಡು ಅಂತ ಸುಧಾಗೆ ಹೇಳು."

ನಾಚಿಕೆಯೂ ಆಯಿತು, ಖುಷಿಯೂ ಆಯಿತು. ಅಷ್ಟರಲ್ಲಿ ಅವರ ಕೈಯ ಕವರ್ ಕಣ್ಣಿಗೆ ಬಿತ್ತು. ಅದರ ತುಂಬಾ ನಮ್ಮದೇ ದಾಸವಾಳ!

ನನ್ನ ಮುಖ ನೋಡಿ ಗಿರಿಜಮ್ಮ ನಕ್ಕರು. "ದೇವರಿಗೆ ಇದು ಸಾಕು ಬಿಡಪ್ಪ. ಅದು ನಮಗಿರ್ಲಿ."

ದೇವರಿಗೂ ಕೊಡದೆ ನಮಗೇ ಇಟ್ಟುಕೊಳ್ಳೋಣ ಎಂದು ಗಿರಿಜಮ್ಮನಿಗೇ ಅನ್ನಿಸಿದ ಹೂವಿಗೆ ಇನ್ನೇನು ಸರ್ಟಿಫಿಕೇಟ್ ಬೇಕು?