ಬರಿಗಾಲಲ್ಲಿ ತಿಮಿಂಗಿಲ ನೋಡಲು ಹೋದದ್ದು

ತಿಮಿಂಗಿಲ ಎಂಬ ಶಬ್ದ ಕಿವಿಗೆ ಬಿದ್ದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಆ ಪ್ರಾಣಿ ಪಾಪ, ನನಗೇನೂ ಮಾಡಿಲ್ಲ. ಮಾಡಿದ್ದೆಲ್ಲ ಕಾಕಾ.

ಕಾಕಾ ನನ್ನ ಸಂಬಂಧಿಕರೇನಲ್ಲ. ಬಿಜಾಪುರದಲ್ಲಿ ನಾನಿದ್ದ ಕೃಷಿ ಕಚೇರಿಯಲ್ಲಿ ನನ್ನ ಕೈಕೆಳಗೆ ಕೆಲಸ ಮಾಡುತ್ತಿದ್ದ ತಿಕೋಟಾದ ಹಿರಿಯರು. ವಯಸ್ಸಿನಲ್ಲಿ ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ಹುದ್ದೆಯಲ್ಲಿ ಎರಡು ಮೆಟ್ಟಿಲು ಕೆಳಗೆ. ಹೀಗಾಗಿ ನಾನು ಅವರನ್ನು ಕಾಕಾ ಎನ್ನುತ್ತಿದ್ದೆ, ಅವರು ನನ್ನನ್ನು ಸಾಹೇಬರೆನ್ನುತ್ತಿದ್ದರು. ಎಪ್ಪತ್ತರ ದಶಕದ ಕೊನೆಗೆ ಒಣಬೇಸಾಯದ ತರಬೇತಿಗೆಂದು ನನ್ನನ್ನು ಮೂರು ತಿಂಗಳ ಮಟ್ಟಿಗೆ ಕೆನಡಾಕ್ಕೆ ಕಳಿಸಿದರು. ಜೊತೆಗೆ ಬರಬೇಕಿದ್ದ ಅಧಿಕಾರಿ ಹೊರಡುವ ಹೊತ್ತಿಗೆ ಕಾಮಾಲೆಯಾಗಿ ಮಲಗಿದ. ಹಿಂಗಾರಿ ಜೋಳದ ವಿಷಯದಲ್ಲಿ ಕಾಕಾನಷ್ಟು ತಿಳಿದವರು ಇನ್ನೊಬ್ಬರಿಲ್ಲವೆಂದು ಅವರ ಹೆಸರು ಸೇರಿತು. ಅಲ್ಲಿಯವರೆಗೆ ತಿಕೋಟಾದಲ್ಲಿ ಅವರನ್ನು ಯಾರೂ ಎಣಿಕೆಗೆ ಹಿಡಿದವರಲ್ಲ. ಸ್ವಂತ ತಮ್ಮಂದಿರೇ ಅವರ ಮಾತು ಮುಗಿಯುವ ಮೊದಲು ಎದ್ದು ಹೋಗುತ್ತಿದ್ದರಂತೆ.

ತರಬೇತಿಯ ಕೊನೆಯ ವಾರಗಳನ್ನು ಸಮುದ್ರದ ದಂಡೆಯ ಒಂದು ಊರಿನಲ್ಲಿ ಕಳೆದೆವು. ಅಲ್ಲಿ ಭಾನುವಾರ ಬೋಟಿನಲ್ಲಿ ಜನರನ್ನು ಕರೆದೊಯ್ದು ತಿಮಿಂಗಿಲ ತೋರಿಸುತ್ತಿದ್ದರು. ಸಿದ್ಧೇಶ್ವರ ಗುಡಿಯ ಹತ್ತಿರದ ಸಾಲೆಯಲ್ಲಿ ಓದುವಾಗ ನಮ್ಮ ಪುಸ್ತಕದಲ್ಲಿ ಒಂದು ಚಿತ್ರವಿತ್ತು. ತಿಮಿಂಗಿಲದ ಪಕ್ಕದಲ್ಲಿ ಒಂದು ಆನೆ, ಆನೆಯ ಪಕ್ಕದಲ್ಲಿ ಒಬ್ಬ ಮನುಷ್ಯ. ಬಾವಿಯ ನೀರು ಬಿಟ್ಟು ಬೇರೆ ನೀರು ಕಾಣದ ನಾನು ಆ ಚಿತ್ರವನ್ನು ನೋಡಿ ನೋಡಿ ಹಾಳೆ ಹರಿದಿದ್ದೆ. ಹಾಗಾಗಿ ಆ ಬೋಟಿನ ಸುದ್ದಿ ಕೇಳಿದ ದಿನದಿಂದ ನನಗೆ ಬೇರೆ ಧ್ಯಾನವಿರಲಿಲ್ಲ. ಎರಡು ಭಾನುವಾರ ಮಂಜು ಕವಿದು ಬೋಟು ಹೊರಡಲಿಲ್ಲ. ಮೂರನೆಯದು ನಮ್ಮ ಕೊನೆಯ ಭಾನುವಾರ, ಅವತ್ತು ಹೊರಟಿತು.

ಹೆಸರಿಗೆ ಬೇಸಿಗೆ, ಆದರೆ ಗಾಳಿ ಮೂಳೆಗೆ ತಾಗುತ್ತಿತ್ತು. ನಾನು ಉಣ್ಣೆ ಟೋಪಿ, ಎರಡು ಸ್ವೆಟರು, ಅದರ ಮೇಲೆ ಕೋಟು ಹಾಕಿಕೊಂಡಿದ್ದೆ. ಬೋಟಿಗೆ ಹಾಕಿದ್ದ ಹಲಗೆಯ ಹತ್ತಿರ ಬಂದಾಗ ಹಿಂದೆ ಕಾಕಾ ಕಾಣಲಿಲ್ಲ. ತಿರುಗಿ ನೋಡಿದರೆ ಅವರು ಕೆಳಗೆ ಕೂತು ಬೂಟು, ಕಾಲುಚೀಲ ಎರಡನ್ನೂ ಕಳಚುತ್ತಿದ್ದಾರೆ. ನಮ್ಮ ಕಡೆ ಕೃಷ್ಣೆಯನ್ನು ದೋಣಿಯಲ್ಲಿ ದಾಟುವಾಗ ಹಳೆಯ ಮಂದಿ ಚಪ್ಪಲಿ ಕೈಯಲ್ಲಿ ಹಿಡಿದೇ ಹತ್ತುತ್ತಿದ್ದರು, ನೀರನ್ನು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ಇದು ಕೃಷ್ಣೆಯಲ್ಲ, ಇಲ್ಲಿ ಕಾಲು ಸೆಟೆದು ಹೋಗುತ್ತದೆ ಎಂದು ಪರಿಪರಿಯಾಗಿ ಹೇಳಿದೆ.

"ಎಲ್ಲಿದ್ರೂ ಗಂಗವ್ವ ಗಂಗವ್ವನರಿ ಸಾಹೇಬ್ರ. ಆಕಿ ಮ್ಯಾಲ ಕೆರಾ ಮೆಟ್ಟಿ ಹೋಗಬಾರದು" ಎಂದು ಬೂಟಿನ ಲಾಡಿಗಳನ್ನು ಗಂಟು ಹಾಕಿ ಕೊರಳಿಗೆ ನೇತು ಹಾಕಿಕೊಂಡು ಹತ್ತಿಯೇ ಬಿಟ್ಟರು.

ಹಿಂದೆ ಜನ ನಿಂತಿದ್ದರು. ನಾನೂ ಅವರ ಬೆನ್ನಿಗೇ ಹತ್ತಿದೆ. ಒಂದು ತಾಸು ಬೋಟು ಒಳಕ್ಕೆ ಒಳಕ್ಕೆ ಹೋಯಿತು. ನೀರು ಸಿಡಿದು ನೆಲವೆಲ್ಲ ಒದ್ದೆ. ನಾನು ಬೋಟಿನ ಅಂಚಿನ ಕಟಾಂಜನಕ್ಕೆ ಅಂಟಿಕೊಂಡು ಕಣ್ಣು ಮಿಟುಕಿಸದೆ ನೀರು ನೋಡುತ್ತಿದ್ದೆ. ಅಷ್ಟರಲ್ಲಿ ಒಬ್ಬ ಹೆಂಗಸು ಚೀರಿದಳು. ತಿಮಿಂಗಿಲ ಕಂಡಿತೆಂದು ನಾನು ಹಿಗ್ಗಿ ನೋಡಿದರೆ ಅವಳು ತೋರಿಸುತ್ತಿದ್ದದ್ದು ಕಾಕಾನ ಪಾದಗಳನ್ನು. ಬೆರಳುಗಳು ನೀಲಿಗಟ್ಟಿದ್ದವು. ಕಾಕಾ ಅವನ್ನು ಬೆಂಚಿನ ಕೆಳಗೆ ಬಚ್ಚಿಡಲು ನೋಡುತ್ತಿದ್ದರು, ದವಡೆ ಅದುರಿ ಮಾತು ಹೊರಡುತ್ತಿರಲಿಲ್ಲ. ಬೋಟಿನವನು ಬಂದು ಒಂದೇ ಸಲ ನೋಡಿದ, ನನ್ನನ್ನೂ ನೋಡಿದ, ಹೋಗಿ ಬೋಟನ್ನು ದಂಡೆಯ ಕಡೆ ತಿರುಗಿಸಿದ.

ಬೋಟಿನ ತುಂಬ ಇದ್ದ ಜನ ನಮ್ಮಿಬ್ಬರನ್ನು ನೋಡಿದ ರೀತಿ ನಾನು ಮರೆಯುವುದಿಲ್ಲ. ನಾನು ಕಾಕಾನನ್ನು ಬೆಂಚಿನ ಮೇಲೆ ಒರಗಿಸಿ, ಸಮುದ್ರಕ್ಕೆ ಬೆನ್ನು ಹಾಕಿ ಒದ್ದೆ ನೆಲದ ಮೇಲೆ ಕೂತು, ಅವರ ಎರಡೂ ಪಾದಗಳನ್ನು ನನ್ನ ಕೋಟಿನೊಳಗೆ ಇಟ್ಟುಕೊಂಡು ಗುಂಡಿ ಹಾಕಿದೆ. ಮೇಲಿನಿಂದ ತಿಕ್ಕುತ್ತ ತಿಕ್ಕುತ್ತ ನನಗೆ ಗೊತ್ತಿದ್ದ ಬೈಗಳನ್ನೆಲ್ಲ ಬೈದೆ. ಅಲ್ಲಿ ಯಾರಿಗೂ ಕನ್ನಡ ತಿಳಿಯುವುದಿಲ್ಲ ಎಂಬುದೊಂದೇ ಸಮಾಧಾನ. ಬೈಯುತ್ತಿದ್ದ ಹಾಗೆಯೇ ನನ್ನ ಬೆನ್ನ ಹಿಂದೆ ಯಾರೋ ದೊಡ್ಡದಾಗಿ ನಿಟ್ಟುಸಿರು ಬಿಟ್ಟಂತಾಯಿತು. ಜನ ಹೋ ಎಂದರು. ಕಾಕಾನ ಕಣ್ಣುಗಳು ಅರಳಿದವು, ಬೆರಳು ನನ್ನ ತಲೆಯ ಮೇಲಿನಿಂದ ಎತ್ತಲೋ ತೋರಿಸಿತು. ಹೊಟ್ಟೆಯ ಮೇಲೆ ಕಟ್ಟಿಕೊಂಡ ಎರಡು ಪಾದಗಳನ್ನು ಬಿಡಿಸಿಕೊಂಡು ನಾನು ತಿರುಗುವ ಹೊತ್ತಿಗೆ ನೀರಿನ ಮೇಲೆ ಬರೀ ಸುಳಿಗಳಿದ್ದವು. ದಂಡೆ ಮುಟ್ಟುವ ತನಕ ಅದು ಮತ್ತೆ ಏಳಲಿಲ್ಲ.

ದಂಡೆಯಲ್ಲಿ ಬಿಸಿನೀರು, ಕಂಬಳಿ, ಚಹಾ ಎಲ್ಲ ಆಗಿ ಕಾಲಿಗೆ ಬಣ್ಣ ಬಂದ ಮೇಲೆ ಕಾಕಾ ನನ್ನ ಕೈ ಹಿಡಿದುಕೊಂಡು ಬರಿಗಾಲಿನ ಸುದ್ದಿ ಊರಲ್ಲಿ ಹೇಳಬಾರದು, ಮಂದಿ ನಗುತ್ತಾರೆ ಎಂದು ಬೇಡಿಕೊಂಡರು. ಆಯಿತೆಂದು ಮಾತು ಕೊಟ್ಟೆ. ಸಿಟ್ಟಿನಲ್ಲಿ ಅವರ ಮುಖವನ್ನೂ ಸರಿಯಾಗಿ ನೋಡಲಿಲ್ಲ. ಏನು ಕಂಡಿತು ಎಂದು ಕೇಳಲೂ ಇಲ್ಲ.

ಊರಿಗೆ ಬಂದ ಮೇಲೆ ಶುರುವಾಯಿತು ನನ್ನ ಪಾಡು. ತಿಕೋಟಾದವರು ಕಾಕಾನಿಗೆ ಶಾಲು ಹೊದಿಸಿ, ಕಾಯಿ ಕೊಟ್ಟು, ರುಮಾಲು ಸುತ್ತಿ ಸತ್ಕಾರ ಮಾಡಿದರು. ಅವರು ಗೋದಿಯ ಬಗ್ಗೆ ಎರಡು ಮಾತಾಡಿ ತಿಮಿಂಗಿಲಕ್ಕೆ ಬಂದರು. ಬಂದವರು, "ನಾನು, ನಮ್ಮ ಸಾಹೇಬ್ರು, ಇಬ್ಬರೂ ನೋಡೇವಿ" ಎಂದರು. ಪಕ್ಕದಲ್ಲೇ ಕೂತಿದ್ದ ನಾನು ತಲೆಯಾಡಿಸಿದೆ.

ಅಲ್ಲಿಂದ ಮುಂದೆ ತಲೆಯಾಡಿಸುವುದೇ ನನ್ನ ಉದ್ಯೋಗವಾಯಿತು. ಗಾಂಧಿ ಚೌಕದಲ್ಲಿ ಸಾಬೂನು ಕೊಳ್ಳಲು ಹೋದರೆ ಅಂಗಡಿಯವರು ಮೀನು ಎಷ್ಟುದ್ದ ಇತ್ತೆಂದು ಕೇಳುತ್ತಿದ್ದರು. ಅದು ಮೀನಲ್ಲ, ಮರಿಗೆ ಹಾಲೂಡಿಸುವ ಪ್ರಾಣಿ ಎಂದರೆ ಪಕ್ಕದವರಿಗೆ ಕಣ್ಣು ಹೊಡೆಯುತ್ತಿದ್ದರು. ಗೋಳಗುಮ್ಮಟದ ಎದುರಿನ ಚಹಾದಂಗಡಿಯಲ್ಲಿ ಅದು ಗುಮ್ಮಟದೊಳಗೆ ಹಿಡಿಸುತ್ತದೋ ಇಲ್ಲವೋ ಎಂದು ಇಬ್ಬರು ಜಗಳಾಡಿ ತೀರ್ಪಿಗೆ ನನ್ನ ಕಡೆ ಬಂದರು. ಕಚೇರಿಗೆ ಬೀಜ ಕೇಳಲು ಬಂದ ರೈತರು ಬೀಜ ಮರೆತು ತಿಮಿಂಗಿಲ ಕೇಳಿ ಹೋಗುತ್ತಿದ್ದರು. ನಾನು ಕಾಣದೆ ಕಳೆದುಕೊಂಡದ್ದನ್ನು ಕಂಡೆನೆಂದು ದಿನಕ್ಕೆ ನಾಲ್ಕು ಸಲ ಒಪ್ಪಿಕೊಳ್ಳಬೇಕು.

ಕೊನೆಗೆ ಒಂದು ದಿನ ಕಾಕಾನನ್ನು ಕೂರಿಸಿ, ನೀವು ಕಂಡಿದ್ದೀರಿ, ನೀವು ಹೇಳಿಕೊಳ್ಳಿ, ನನ್ನನ್ನು ಬಿಡಿ ಎಂದೆ. ಅವರಿಗೆ ಅರ್ಥವೇ ಆಗಲಿಲ್ಲ. ತಾನೊಬ್ಬನೇ ನೋಡಿದೆನೆಂದರೆ ಸಾಹೇಬರ ಮರ್ಯಾದೆಗೆ ಕಡಿಮೆಯಾಗುವುದಿಲ್ಲವೇ ಎಂದು ನನ್ನನ್ನೇ ಕೇಳಿದರು.

ಬಬಲೇಶ್ವರದ ಸಾಲೆಯಲ್ಲಿ ಒಂದು ಮಧ್ಯಾಹ್ನ ರೈತರ ಸಭೆ ಇತ್ತು. ಅದು ಕಾಕಾ ಮಗಳನ್ನು ಕೊಟ್ಟ ಊರು. ಬೀಗರು ಮುಂದಿನ ಸಾಲಿನಲ್ಲೇ ಕೂತಿದ್ದರು. ಬೀಗರು ಹಿಂದೆ ತನ್ನನ್ನು ಹೊರಗಿನ ಕಟ್ಟೆಯ ಮೇಲೆಯೇ ಮಾತಾಡಿಸಿ ಕಳಿಸುತ್ತಿದ್ದರು, ಈಗ ಒಳಗೆ ಕರೆದು ಗಾದಿಯ ಮೇಲೆ ಕೂರಿಸುತ್ತಾರೆ ಎಂದು ಕಾಕಾ ಬಸ್ಸಿನಲ್ಲಿ ಹೇಳಿದ್ದರು. ಅವತ್ತು ಕಾಕಾ ಎಂದಿಗಿಂತ ಚೆನ್ನಾಗಿ ಮಾತಾಡಿದರು. ಕರಿ ಬೆನ್ನು ಎದ್ದದ್ದು, ಅದರ ಮೇಲಿಂದ ನೀರು ಇಳಿದದ್ದು, ಒಂದು ಕಣ್ಣು ತೆರೆದು ಅದು ತಮ್ಮಿಬ್ಬರನ್ನೂ ನೋಡಿದ್ದು. ಆಗ ಬೀಗರು ಎದ್ದು, ಕಾಕಾನನ್ನು ಬಿಟ್ಟು ನನ್ನ ಕಡೆ ತಿರುಗಿದರು.

"ಕಣ್ಣು ಎಷ್ಟು ದೊಡ್ಡದಿತ್ತರಿ ಸಾಹೇಬ್ರ?"

"ನಾ ನೋಡಿಲ್ಲರಿ" ಎಂದುಬಿಟ್ಟೆ.

ಎಷ್ಟು ಹಗುರವಾಯಿತೆಂದರೆ, ಆ ಸುಖದಲ್ಲಿ ಉಳಿದ ಮಾತು ಹೇಳಲಿಲ್ಲ. ನಾನು ಬೆನ್ನು ತಿರುಗಿಸಿ ಇವರ ಕಾಲು ತಿಕ್ಕುತ್ತಿದ್ದೆ, ಇವರು ಖಂಡಿತ ನೋಡಿದ್ದಾರೆ ಎನ್ನಬೇಕಿತ್ತು. ಮಾತು ಕೊಟ್ಟಿದ್ದೆನಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಸೇಡು ತೀರಿಸಿಕೊಂಡ ಖುಷಿ ಒಂದು ಗಳಿಗೆ ನನಗೆ ನಿಜವಾಗಿಯೂ ಆಗಿತ್ತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು, ನಗು ಮುಂದಕ್ಕೆ ಬಂತು. ಬೀಗರು ಮಾತ್ರ ನಗಲಿಲ್ಲ.

"ಇರಲಿ ಬಿಡ್ರಿ. ಪರದೇಶಕ್ಕ ಹೋಗಿ ಬಂದಾರ, ಒಂದೆರಡು ಮಾತು ಹೆಚ್ಚಿಗಿ ಬರ್ತಾವ" ಎಂದು ಕೂತರು.

ಬರಿಗಾಲಿನ ಕಥೆಯನ್ನು ತಾವೇ ಹೇಳಿದ್ದರೆ ಕಾಕಾನ ಮಾನ ಉಳಿಯುತ್ತಿತ್ತು. ಬೀಗರ ಎದುರಿಗೆ ಹೇಳಲಿಲ್ಲ. ಊರವರು ಹೊದಿಸಿದ್ದ ಶಾಲನ್ನು ಹೆಗಲಿನಿಂದ ತೆಗೆದು ನಾಲ್ಕು ಮಡಿಕೆ ಮಾಡಿ ಕುರ್ಚಿಯ ಮೇಲಿಟ್ಟರು. ಆ ದಿನ ಮಗಳ ಮನೆಗೂ ಹೋಗಲಿಲ್ಲ.

ಬಿಜಾಪುರದ ಬಸ್ಸಿನಲ್ಲಿ ನಾವಿಬ್ಬರೂ ಒಂದೇ ಸೀಟಿನಲ್ಲಿ ಕೂತೆವು. ನಾಳೆಯೇ ಬಬಲೇಶ್ವರಕ್ಕೆ ಹೋಗಿ ಇದ್ದದ್ದನ್ನೆಲ್ಲ ಹೇಳಿ ಬರುತ್ತೇನೆ ಎಂದೆ. ಬೇಡವೆಂದು ಕೈಯಾಡಿಸಿದರು. ಅರ್ಧ ದಾರಿ ಕಳೆದ ಮೇಲೆ, ಇಷ್ಟು ತಿಂಗಳಲ್ಲಿ ಒಮ್ಮೆಯೂ ಕೇಳದಿದ್ದನ್ನು ಕೇಳಿದೆ. ಅದು ಎದ್ದಾಗ ಹೇಗಿತ್ತು ಕಾಕಾ, ನನಗೊಬ್ಬನಿಗೆ ಹೇಳಿ ಎಂದೆ.

ಕಾಕಾ ಕಿಡಕಿಯಿಂದ ಮುಖ ತಿರುಗಿಸಲಿಲ್ಲ.

"ನೀವು ನೋಡಿಲ್ಲಂದ ಮ್ಯಾಲ ನಾನೂ ನೋಡಿಲ್ಲ ತಗೋರಿ, ಸಾಹೇಬ್ರ."